ತೊಂಬತ್ತಕ್ಕೆ ಹದಿನಾಲ್ಕು ಕಡಿಮೆ

ಎಡ ಮಂಡಿ ಮಾತಿಗೆ ಬಗ್ಗುವ ಜಾತಿಯದಲ್ಲ ಎಂಬುದು ಐದು ವಾರದಲ್ಲಿ ಸಾಹೇಬರಿಗೆ ಖಾತ್ರಿಯಾಗಿತ್ತು. ಹೊಸ ಮಂಡಿ. ಹಳೆಯದು ಸವೆದುಹೋಗಿದೆ ಎಂದು ಡಾಕ್ಟರು ಅದನ್ನು ತೆಗೆದು, ಅದರ ಜಾಗದಲ್ಲಿ ಲೋಹದ್ದೊಂದನ್ನು ಕೂರಿಸಿ, ಹೊಲಿದು ಮನೆಗೆ ಕಳಿಸಿದ್ದರು. ನಮ್ಮ ಕೆಲಸ ಮುಗಿಯಿತು, ಇನ್ನು ಮುಂದಿನದು ನಿಮ್ಮ ಕೈಯಲ್ಲಿದೆ ಎಂದಿದ್ದರು. ಕಾಲಿನ ವಿಷಯ ಕೈಯಲ್ಲಿದೆ ಎನ್ನುವವರನ್ನು ಎಷ್ಟರಮಟ್ಟಿಗೆ ನಂಬುವುದು ಎಂದು ಸಾಹೇಬರಿಗೆ ಆಗಲೇ ಅನ್ನಿಸಿತ್ತು. ಈಗ ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆ. ನೋವಿನ ಮಾತ್ರೆ ನುಂಗಿ ಆಗಿತ್ತು. ಮಾತ್ರೆ ಕೆಲಸ ಶುರುಮಾಡುವ ಹೊತ್ತಿಗೆ ಸರಿಯಾಗಿ, ಹತ್ತಕ್ಕೆ, ಫಿಸಿಯೋ ಹುಡುಗಿ ಬರುತ್ತಾಳೆ. ನಾಳೆ ಶನಿವಾರ ಡಾಕ್ಟರು ನೋಡುವ ದಿನ. ಅಷ್ಟರೊಳಗೆ ಮಂಡಿ ತೊಂಬತ್ತು ಡಿಗ್ರಿ ಬಗ್ಗಿರಬೇಕು. ಬಗ್ಗದಿದ್ದರೆ ಮತ್ತೆ ಆಸ್ಪತ್ರೆಗೆ ಸೇರಿಸಿ, ಅರಿವಳಿಕೆ ಕೊಟ್ಟು, ಮೈಮೇಲೆ ಪ್ರಜ್ಞೆ ಇಲ್ಲದ ಹೊತ್ತಿನಲ್ಲಿ ಡಾಕ್ಟರೇ ಕಾಲು ಹಿಡಿದು ಬಗ್ಗಿಸುತ್ತಾರೆ. ಸಾಹೇಬರು ಚಾಚಿದ ಕಾಲನ್ನು ನೋಡಿದರು. ಅದು ಬೇರೆ ಯಾರದೋ ಕಾಲಿನಂತೆ ಸುಮ್ಮನೆ ಬಿದ್ದಿತ್ತು.

ಎದುರಿನ ಬೀರುವಿನ ಬಾಗಿಲಿಗೆ ವ್ಯಾಯಾಮದ ಚಾರ್ಟು ಅಂಟಿಸಿತ್ತು. ದಿನಕ್ಕೆ ನಾಲ್ಕು ಸಲ, ಸಲಕ್ಕೆ ಹತ್ತು: ಪಾದಕ್ಕೆ ಟವೆಲ್ ಸುತ್ತಿ, ಎರಡೂ ತುದಿ ಹಿಡಿದು, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ತನ್ನ ಕಡೆಗೆ ಎಳೆದುಕೊಳ್ಳಬೇಕು. ಆಮೇಲೆ ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು ಒತ್ತಬೇಕು. ಆಮೇಲೆ ಐಸ್. ಒಂದೊಂದಕ್ಕೂ ಒಂದು ಚೌಕ, ಒಂದೊಂದು ಚೌಕಕ್ಕೂ ನೀಲಿ ಪೆನ್ನಿನ ಒಂದು ಗುರುತು. ಒಂದು ಚೌಕವೂ ಖಾಲಿ ಇರಲಿಲ್ಲ. ಫಿಸಿಯೋ ಹುಡುಗಿ ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದು, ‘ಬೇರೆ ಪೇಷಂಟುಗಳಿಗೆ ತೋರಿಸ್ತೀನಿ ಸರ್’ ಎಂದಿದ್ದಳು. ಆವತ್ತು ಸಾಹೇಬರಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಯಾಕೆಂದರೆ ಆ ಗುರುತುಗಳಲ್ಲಿ ಬಹುಪಾಲು ಬೋಗಸ್ ಎಂಬುದು ಈ ಭೂಮಿಯ ಮೇಲೆ ಅವರೊಬ್ಬರಿಗೇ ಗೊತ್ತಿತ್ತು. ಅವರು ಎಣಿಸುತ್ತಿದ್ದದ್ದು ನಿಜ. ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೇಳುವ ಹಾಗೆ, ಒಂದು, ಎರಡು, ಮೂರು ಎಂದು ಗಟ್ಟಿಯಾಗಿ, ನಡುವೆ ಬೇಕಾದಷ್ಟು ಬಿಡುವು ಕೊಟ್ಟು, ಏಳಕ್ಕೆ ಬಂದಾಗ ಸ್ವಲ್ಪ ನರಳಿ, ಹತ್ತಕ್ಕೆ ನಿಲ್ಲಿಸುತ್ತಿದ್ದರು. ಕಾಲು ಮಾತ್ರ ಇದ್ದಲ್ಲೇ ಇರುತ್ತಿತ್ತು.

ಇದು ಏಕಾಏಕಿ ಆದದ್ದಲ್ಲ. ಮೂವತ್ತಾರು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು, ಅಂಗಡಿಯವರ ಬಾಯಲ್ಲಿ ತಕ್ಕಡಿ ಸಾಹೇಬರು ಎನ್ನಿಸಿಕೊಂಡವರು, ಹಾಗೆ ಒಂದೇ ದಿನಕ್ಕೆ ಕೆಟ್ಟುಹೋಗುವುದುಂಟೆ? ಇಲಾಖೆಯಲ್ಲಿ ಒಂದು ನಿಯಮವಿತ್ತು: ಯಾವ ತಕ್ಕಡಿಯೂ ನೂರಕ್ಕೆ ನೂರು ಸರಿಯಿರುವುದಿಲ್ಲ, ಇಷ್ಟರ ತನಕ ತಪ್ಪಿದ್ದರೆ ತಪ್ಪಲ್ಲ. ಮನೆಗೆ ಬಂದ ಮೊದಲ ವಾರ ಸಾಹೇಬರು ಆ ರಿಯಾಯಿತಿಯನ್ನು ಮಂಡಿಗೂ ಕೊಟ್ಟರು. ಹತ್ತರಲ್ಲಿ ಎಂಟು ಮಾಡಿದರೆ ಹತ್ತೇ. ಎರಡನೆಯ ವಾರ ಆರು ಮಾಡಿದರೂ ಹತ್ತೇ ಆಯಿತು. ನೋವು ಅಂದರೆ ಅಂಥಿಂಥ ನೋವಲ್ಲ; ಕಾದ ತಂತಿಯನ್ನು ಚಿಪ್ಪಿನೊಳಗೆ ತೂರಿಸಿದ ಹಾಗೆ. ಮೂರನೆಯ ವಾರದ ಮಂಗಳವಾರ, ಮಾತ್ರೆ ತಗೊಳ್ಳುವುದು ಮರೆತು ಟವೆಲ್ ಎಳೆದು, ಒಂದಕ್ಕೇ ಕಣ್ಣಲ್ಲಿ ನೀರು ಬಂದು, ಎರಡು ಎಂದು ಬರೀ ಬಾಯಲ್ಲಿ ಅಂದರು. ಏನೂ ಆಗಲಿಲ್ಲ. ಅಡುಗೆಮನೆಯಿಂದ ಯಾರೂ ಓಡಿಬರಲಿಲ್ಲ, ಸೂರು ಕುಸಿಯಲಿಲ್ಲ. ಮೂರು ಎಂದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಎಷ್ಟು ಸುಲಭ ಎಂಬುದು ಅವರಿಗೆ ಅರವತ್ತನಾಲ್ಕನೆಯ ವಯಸ್ಸಿನಲ್ಲಿ ತಿಳಿಯಿತು.

ಮೊನ್ನೆ ಬುಧವಾರ ಹುಡುಗಿ ಕೋನ ಅಳೆಯುವ ಪಟ್ಟಿಯನ್ನು ಹಿಂದಿನ ಮನೆಯಲ್ಲಿ ಮರೆತು ಬಂದಿದ್ದಳು. ಮಂಚದ ಅಂಚಿನಲ್ಲಿ ಕೂರಿಸಿ, ಕಾಲು ಹಿಂದಕ್ಕೆ ತಗೊಳ್ಳಿ ಸರ್ ಎಂದಾಗ ಸಾಹೇಬರು ಎಡಗಡೆಯ ಸೊಂಟವನ್ನು ಯಾರಿಗೂ ಕಾಣದಷ್ಟು ಎತ್ತಿ, ಪಾದವನ್ನು ಮಂಚದ ಕೆಳಗೆ ಸರಿಸಿದರು. ದೂರದಿಂದ ನೋಡಿದರೆ ಮಂಡಿ ಬಗ್ಗಿದ ಹಾಗೇ ಇತ್ತು. ‘ಎಂಬತ್ತೈದರ ಹತ್ತಿರ ಇದೆ ಸರ್, ಸೂಪರ್’ ಎಂದು ಅವಳು ಕಣ್ಣಳತೆಯಲ್ಲೇ ಬರೆದುಕೊಂಡಳು. ತಟ್ಟೆಯ ಕೆಳಗೆ ಅಯಸ್ಕಾಂತ ಅಂಟಿಸಿದವರನ್ನು, ತೂಗುವಾಗ ಕಿರುಬೆರಳು ಒತ್ತುವವರನ್ನು ಮೂವತ್ತಾರು ವರ್ಷ ಹಿಡಿದಿದ್ದ ಮನುಷ್ಯ. ಕಣ್ಣಳತೆ ಅಳತೆಯೇ ಅಲ್ಲ ಎಂದು ಎಷ್ಟು ಅಂಗಡಿಗಳ ಮುಂದೆ ಭಾಷಣ ಬಿಗಿದಿದ್ದರೋ! ಆ ದಿನ ತುಟಿ ಎರಡು ಮಾಡಲಿಲ್ಲ. ಹುಡುಗಿ ಹೋಗುವಾಗ ಬಾಗಿಲ ಹತ್ತಿರ ಶೂ ಹಾಕಿಕೊಳ್ಳುತ್ತ ಹೆಂಡತಿಯ ಜೊತೆ ಏನೋ ಪಿಸುಗುಟ್ಟುತ್ತಿದ್ದುದು ಕೇಳಿಸಿ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡರು. ಹಿಂದೆಯೂ ಎರಡು ಮೂರು ಸಲ ಹೀಗೇ ಬಾಗಿಲ ಹತ್ತಿರ ಮಾತಾಗಿತ್ತು. ಅದು ತಮ್ಮ ವಿಷಯವೇ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ.

‘ರೀ, ಒಂಬತ್ತು ಮುಕ್ಕಾಲಾಯ್ತು. ಆ ಹುಡುಗಿ ಬರೋದ್ರೊಳಗೆ ಒಂದು ಸಲ ಮಾಡ್ಕೊಂಡ್ಬಿಡಿ,’ ಎಂದು ಅಡುಗೆಮನೆಯಿಂದ ಹೆಂಡತಿ ಕೂಗಿದಳು.

‘ಮಾಡ್ತಾ ಇದ್ದೀನಿ,’ ಎಂದು ಸಾಹೇಬರು ಟವೆಲ್ಲನ್ನು ಪಾದಕ್ಕೆ ಸುತ್ತಿಕೊಂಡರು. ಇವತ್ತಾದರೂ ಎಳೆದುಬಿಡೋಣ ಎಂದುಕೊಂಡರು. ಎಳೆದರು. ಹಿಮ್ಮಡಿ ಒಂದು ಗೇಣು ಜಾರಿ, ಅಲ್ಲಿ ಯಾರೋ ಕೈ ಅಡ್ಡ ಹಿಡಿದ ಹಾಗೆ ನಿಂತಿತು. ಒಂದು, ಎಂದರು. ಎರಡು ಎನ್ನುವಾಗ ಟವೆಲ್ ಸಡಿಲವಾಗಿತ್ತು. ಕಿಟಕಿಯ ಹೊರಗೆ ಬಸ್ಸೊಂದು ನಿಂತು ಹೊರಟಿತು. ಕೋಣೆಯ ತುಂಬ ನೋವಿನ ಮುಲಾಮಿನ ವಾಸನೆ. ಮೂರು. ಈ ವಾಸನೆ ಅವರಿಗೆ ಹೊಸದಲ್ಲ. ಹೆಂಡತಿ ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಇಡೀ ದಿನ ನಿಂತು ಮನೆಗೆ ಬಂದು, ಮಲಗುವ ಮುಂಚೆ ಮಂಡಿಗೆ ಇದನ್ನೇ ಹಚ್ಚಿಕೊಳ್ಳುತ್ತಿದ್ದಳು. ವಾಸನೆಗೆ ತಲೆ ಸಿಡಿಯುತ್ತೆ ಎಂದು ಸಾಹೇಬರು ಚಳಿಯಲ್ಲೂ ಕಿಟಕಿ ತೆಗೆದಿಡುತ್ತಿದ್ದರು. ಆಮೇಲಾಮೇಲೆ ಅವಳು ಹಚ್ಚಿಕೊಳ್ಳುವುದನ್ನು ಬಿಟ್ಟಳು, ಅಥವಾ ಬಚ್ಚಲಲ್ಲಿ ಹಚ್ಚಿಕೊಂಡು ಬರುತ್ತಿದ್ದಳು, ಅವರು ಕೇಳಿರಲಿಲ್ಲ. ನಾಲ್ಕು. ಅವಳ ಮಂಡಿ ಹಾಳಾದದ್ದು ಮೆಟ್ಟಿಲ ಮೇಲೆ ಬಿದ್ದ ದಿನ. ಒಗೆದ ಬಟ್ಟೆಯ ಬಕೆಟ್ ಹಿಡಿದು ಇಳಿಯುತ್ತಿದ್ದವಳು ಆರು ಮೆಟ್ಟಿಲು ಜಾರಿ ಕೆಳಗೆ ಕೂತಿದ್ದಳು. ಕೆಳಗಿನ ಮನೆಯವರು ಬಾಗಿಲು ತೆಗೆದಿದ್ದರು. ಸಾಹೇಬರು ಆಫೀಸಿಗೆ ಹೊರಟಿದ್ದರು, ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ‘ಸಾಕು ನಾಟಕ, ಎದ್ದೇಳು, ಜನ ನೋಡ್ತಿದ್ದಾರೆ’ ಎಂದಿದ್ದರು. ಅವಳು ಎದ್ದಿದ್ದಳು. ಬಟ್ಟೆಗಳನ್ನೂ ಒಂದೊಂದಾಗಿ ಎತ್ತಿ ಬಕೆಟ್ಟಿಗೆ ಹಾಕಿಕೊಂಡಿದ್ದಳು. ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ಐದು, ಆರು ಎಂದು ಗಟ್ಟಿಯಾಗಿ ಹೇಳಿ, ಏಳಕ್ಕೆ ನರಳಿ, ಹತ್ತು ಮುಗಿಸಿ ಸಾಹೇಬರು ಪೆನ್ನು ತಗೊಂಡು, ವಾಕರ್ ಹಿಡಿದು ಬೀರುವಿನ ತನಕ ಹೋಗಿ ಗುರುತು ಹಾಕಿದರು. ಗುರುತು ಹಾಕಲು ನಡೆದಷ್ಟು ನಡಿಗೆಯೇ ಐದು ವಾರದಲ್ಲಿ ಅವರು ಪ್ರಾಮಾಣಿಕವಾಗಿ ಮಾಡಿದ ವ್ಯಾಯಾಮ.

ಅರಿವಳಿಕೆಯೆಂದರೆ ಅವರಿಗೆ ಸೂಜಿಯ ಭಯವಲ್ಲ, ಸಾಯುವ ಭಯವೂ ಅಲ್ಲ. ಕಳೆದ ಸಲ ಎಚ್ಚರವಾಗುವ ಹೊತ್ತಿನಲ್ಲಿ ತಾವು ‘ಅಮ್ಮಾ, ಹೊಡೀಬೇಡಮ್ಮಾ, ಇನ್ನು ಮಾಡಲ್ಲ’ ಎಂದು ಇಡೀ ವಾರ್ಡಿಗೆ ಕೇಳುವಂತೆ ಅತ್ತದ್ದನ್ನು ನರ್ಸು ಮರುದಿನ ನಗುತ್ತ ಹೇಳಿದ್ದಳು. ಪಕ್ಕದ ಹಾಸಿಗೆಯವನ ಮಗಳು ಕೂಡ ನಕ್ಕಿದ್ದಳು. ಹೋಗಲಿ, ಅಮ್ಮ ಅಂದರೆ ಅಂದರು. ಈ ಸಲ ಬಾಯಿಂದ ಇನ್ನೇನು ಬರುತ್ತದೋ ಎಂಬುದೇ ಅವರ ನಿದ್ದೆ ಕೆಡಿಸಿದ ಭಯ. ಮಾರುಕಟ್ಟೆಯ ಮೂಲೆಯಲ್ಲಿ ತರಕಾರಿ ಮಾರುತ್ತಿದ್ದ ಹೆಂಗಸಿನ ವಿಷಯ ಬಂದರೆ? ಅವಳ ಹತ್ತಿರ ಅರ್ಧ ಕೇಜಿಯ ಒಂದು ಕಬ್ಬಿಣದ ಬಟ್ಟು ಇತ್ತು. ತೂಗಿ ನೋಡಿದರೆ ಹದಿನೆಂಟು ಗ್ರಾಮ್ ಕಡಿಮೆ. ಮೋಸ ಮಾಡುವವರು ಬುಡದಲ್ಲಿ ತೂತು ಕೊರೆಯುತ್ತಾರೆ, ಇದರಲ್ಲಿ ತೂತಿರಲಿಲ್ಲ. ಅಂಚುಗಳೆಲ್ಲ ಬಳಸಿದ ಸೋಪಿನ ಹಾಗೆ ನುಣ್ಣಗಾಗಿದ್ದವು. ‘ನಮ್ಮಮ್ಮನ ಕಾಲದ್ದು ಸ್ವಾಮಿ, ಸವೆದಿದೆ ಅಷ್ಟೇ’ ಎಂದಿದ್ದಳು. ಸವೆದಿದೆ ಎಂದು ಅವರಿಗೂ ಗೊತ್ತಿತ್ತು, ಕೈಗೆ ತಗೊಂಡ ಕ್ಷಣವೇ ಗೊತ್ತಾಗಿತ್ತು. ಆದರೆ ಅಷ್ಟು ಹೊತ್ತಿಗೆ ಜನ ಸೇರಿದ್ದರು. ಸೇರಿದ ಜನಕ್ಕೆ ಸವೆತ ಎಂದರೆ ಸಪ್ಪೆ, ಕಳ್ಳತನ ಎಂದರೆ ರುಚಿ. ಬಟ್ಟನ್ನು ತಲೆಯ ಮೇಲೆತ್ತಿ ಹಿಡಿದು, ನೋಡ್ರಪ್ಪಾ ನೋಡಿ, ಇದೇ ಇವಳ ಅರ್ಧ ಕೇಜಿ ಎಂದಿದ್ದರು. ಮರುದಿನದಿಂದ ಅವಳು ಆ ಮೂಲೆಯಲ್ಲಿ ಕೂರಲಿಲ್ಲ. ಆಮೇಲೆ ಆ ದಾರಿಯಲ್ಲಿ ಹೋಗುವಾಗಲೆಲ್ಲ ಸಾಹೇಬರು ಎದುರಿನ ಫುಟ್‌ಪಾತಿಗೆ ದಾಟುತ್ತಿದ್ದರು. ತಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಡಾಕ್ಟರು ‘ನೋಡಿ, ಹೇಗೆ ಸವೆದಿದೆ’ ಎಂದಾಗ, ಸುತ್ತ ನಿಂತ ನಾಲ್ಕು ಜನ ಕಿರಿಯ ಡಾಕ್ಟರುಗಳ ಮುಖ ನೋಡಲಾಗದೆ ತಲೆ ತಗ್ಗಿಸಿದ್ದರು.

ಹತ್ತಕ್ಕೆ ಎರಡು ನಿಮಿಷ ಇರುವಾಗ ಬಾಗಿಲ ಗಂಟೆ ಸದ್ದಾಯಿತು. ಹುಡುಗಿ ಶೂ ಬಿಚ್ಚಿಟ್ಟು, ಕೈ ತೊಳೆದು, ಬೆನ್ನಿನ ಚೀಲವನ್ನು ಕುರ್ಚಿಯ ಮೇಲಿಟ್ಟಳು. ಗಿಡ್ಡಗೆ, ಗಟ್ಟಿಮುಟ್ಟಾಗಿ ಇದ್ದಳು. ಹಿಡಿದರೆ ಉಡದ ಪಟ್ಟು. ಮೊದಲ ದಿನವೇ ಅವರ ಕಾಲನ್ನು ಯಾರದೋ ಮನೆಯ ಕೆಟ್ಟುಹೋದ ಬಾಗಿಲಿನಂತೆ ಅತ್ತ ಇತ್ತ ಆಡಿಸಿ ನೋಡಿದ್ದಳು. ಅವಳ ಮುಂದೆ ಚಡ್ಡಿ ಹಾಕಿಕೊಂಡು ಕೂರಲು ಸಾಹೇಬರಿಗೆ ಎರಡು ವಾರ ಬೇಕಾಗಿತ್ತು.

‘ಹೇಗಿದ್ದೀರಾ ಸರ್? ನಾಳೆ ಪರೀಕ್ಷೆ ಅಲ್ವಾ? ಇವತ್ತು ಪಟ್ಟಿ ತಂದಿದ್ದೀನಿ.’

ಪಾರದರ್ಶಕ ಪ್ಲಾಸ್ಟಿಕ್ಕಿನ ಎರಡು ಪಟ್ಟಿ, ನಡುವೆ ಒಂದು ತಿರುಗಣಿ, ಸುತ್ತ ಅಂಕಿ. ಸಾಹೇಬರು ಅದನ್ನು ಹುಬ್ಬು ಗಂಟಿಕ್ಕಿ ನೋಡಿದರು. ‘ಇದಕ್ಕೆ ಸೀಲ್ ಇದೆಯಾ?’

‘ಏನು ಸೀಲ್ ಸರ್?’

‘ಇಲಾಖೆ ಮುದ್ರೆ. ವರ್ಷಕ್ಕೊಂದು ಸಲ ಪರೀಕ್ಷೆ ಮಾಡಿಸಬೇಕು. ಇಲ್ಲದಿದ್ರೆ ಇದು ಹೇಳೋದನ್ನ ನಂಬೋದು ಹೇಗೆ?’

‘ಅಯ್ಯೋ ಸರ್, ಇದು ಸ್ಟೇಷನರಿ ಅಂಗಡೀಲೂ ಸಿಗುತ್ತೆ,’ ಎಂದು ಹುಡುಗಿ ನಕ್ಕು, ಅವರನ್ನು ಅಂಗಾತ ಮಲಗಿಸಿದಳು. ಒಂದು ಅಂಗೈಯನ್ನು ಸೊಂಟದ ಮೇಲೆ ಒತ್ತಿ ಇಟ್ಟಳು. ‘ಇದು ಏಳಬಾರದು. ಈಗ ಹಿಮ್ಮಡಿ ಎಳ್ಕೊಳ್ಳಿ.’ ಸೊಂಟ ಏಳಲಿಲ್ಲ. ಮಂಚ ಎರಡು ಸಲ ಕಿರ್ರ್ ಎಂದಿತು. ಮಂಡಿ ಎಲ್ಲಿಯ ತನಕ ಬಂತೋ ಅಲ್ಲಿಯ ತನಕ ಬಂತು. ತಿರುಗಣಿಯನ್ನು ಮಂಡಿಯ ಪಕ್ಕಕ್ಕೆ ಇಟ್ಟು, ಒಂದು ಪಟ್ಟಿಯನ್ನು ತೊಡೆಗೂ ಇನ್ನೊಂದನ್ನು ಕಣಕಾಲಿಗೂ ಹೊಂದಿಸಿ, ಅವಳು ಬಗ್ಗಿ ನೋಡಿದಳು. ಇನ್ನೊಂದು ಸಲ ನೋಡಿದಳು.

‘ಎಪ್ಪತ್ತಾರು.’

ತೊಂಬತ್ತಕ್ಕೆ ಹದಿನಾಲ್ಕು ಕಡಿಮೆ. ಯಾವ ಇಲಾಖೆಯೂ ಕೊಡಲಾರದಷ್ಟು ರಿಯಾಯಿತಿ ಅದು. ಬುಧವಾರದ ಎಂಬತ್ತೈದು ಎಲ್ಲಿ ಹೋಯಿತು ಎಂದು ಅವಳು ಕೇಳಲಿಲ್ಲ. ‘ಆವತ್ತು ಅಳೀದೇ ಬರ್ದಿದ್ದು ನಂದೇ ತಪ್ಪು ಸರ್’ ಎಂದಳು. ಬೈದಿದ್ದರೆ ಸಾಹೇಬರು ಸಹಿಸುತ್ತಿದ್ದರು. ಆಮೇಲೆ ಅವಳು ಎದ್ದು ಚಾರ್ಟಿನ ಮುಂದೆ ನಿಂತು, ಬೆರಳಿನಿಂದ ಒಂದೊಂದು ಸಾಲನ್ನೂ ಮೇಲಿನಿಂದ ಕೆಳಗಿನ ತನಕ ಮುಟ್ಟಿ ನೋಡಿದಳು. ಸಾಹೇಬರು ಅಂಗಡಿಯವರ ಕಂದಿದ ಮುಖ ಎಷ್ಟೋ ನೋಡಿದ್ದರು. ಒಳಗಿನಿಂದ ಅದು ಹೇಗಿರುತ್ತದೆ ಎಂಬುದನ್ನು ಈಗ ನೋಡುತ್ತಿದ್ದರು. ಕಿವಿ ಬಿಸಿಯಾಗುತ್ತದೆ. ನಾಲಿಗೆ ಒಣಗುತ್ತದೆ. ಸುಮ್ಮಸುಮ್ಮನೆ ನೀರು ಕೇಳಬೇಕು ಅನ್ನಿಸುತ್ತದೆ.

‘ಒಂದೂ ತಪ್ಪಿಸಿಲ್ಲ ನೀವು,’ ಎಂದಳು ಹುಡುಗಿ, ಬೇಸರದಿಂದ. ‘ದಿನಕ್ಕೆ ನಾಲ್ಕು ಸಲ, ಐದು ವಾರ. ಇಷ್ಟು ಮಾಡಿಯೂ ಬಗ್ಗಲ್ಲ ಅಂದ್ರೆ ಒಳಗೆ ಗಟ್ಟಿಯಾಗಿ ಅಂಟ್ಕೊಂಡಿದೆ ಅಂತ. ಇನ್ನು ವ್ಯಾಯಾಮದಿಂದ ಆಗಲ್ಲ ಸರ್. ಡಾಕ್ಟರ್‌ಗೆ ಹಾಗೇ ಬರ್ದುಕೊಡ್ತೀನಿ. ನಾಳೇನೇ ಅಡ್ಮಿಟ್ ಮಾಡ್ಕೋಬಹುದು.’ ಕುರ್ಚಿಯ ಮೇಲೆ ಕೂತು ಪ್ಯಾಡ್ ತೆಗೆದಳು. ‘ಮಾಡದೇ ಇದ್ದಿದ್ರೆ ಮಾತು ಬೇರೆ. ಮಾಡಿಸಿ ನೋಡೋಣ, ಇನ್ನೆರಡು ವಾರ ಕೊಡಿ ಅಂತ ಕೇಳಬಹುದಿತ್ತು.’

ಪೆನ್ನು ಕಾಗದದ ಮೇಲೆ ಓಡತೊಡಗಿತು. ಸಾಹೇಬರು ಸೂರು ನೋಡುತ್ತ ಮಲಗಿದ್ದರು. ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಳ್ಳುವುದು ಎಂದು ಜನ ಹೇಳುವಾಗ ಇಷ್ಟು ಲೆಕ್ಕಾಚಾರವಾಗಿ ಹಾಕಿಕೊಳ್ಳುವವರಿರುತ್ತಾರೆ ಎಂದು ಆ ಜನಕ್ಕೂ ಗೊತ್ತಿರಲಿಕ್ಕಿಲ್ಲ. ನಾನು ಮಾಡಿಲ್ಲ ಎಂದರೆ ಎರಡು ವಾರ ಸಿಗಬಹುದು. ಮಾಡಿದ್ದೇನೆ ಎಂದರೆ ಬಿಳಿ ದೀಪದ ಕೆಳಗೆ ಮಲಗಿ, ಬಾಯಿ ತೆರೆದು, ಅಪರಿಚಿತರ ಮುಂದೆ ಏನೇನು ಒದರುವುದಿದೆಯೋ ಒದರಬೇಕು. ಆಯ್ಕೆ ಸುಲಭವಾಗಿತ್ತು. ಆದರೂ ಬಾಯಿ ಬರಲಿಲ್ಲ. ಬಾಗಿಲಲ್ಲಿ ಹೆಂಡತಿ ಐಸಿನ ಚೀಲ ಹಿಡಿದು ನಿಂತಿದ್ದಳು. ಡಾಕ್ಟರ ಮುಂದೆ ಹೇಳಬಹುದು, ಹುಡುಗಿಯ ಮುಂದೆಯೂ ಹೇಳಬಹುದು. ದಿನಕ್ಕೆ ನಾಲ್ಕು ಸಲ ಆ ಸುಳ್ಳು ಎಣಿಕೆಯನ್ನು ಕೇಳಿಸಿಕೊಂಡವಳ ಮುಂದೆ ಹೇಗೆ ಹೇಳುವುದು? ಪೆನ್ನು ಎರಡನೆಯ ಸಾಲಿಗೆ ಬಂತು.

‘ಒಂದು ನಿಮಿಷ,’ ಎಂದರು. ‘ಬರೀಬೇಡಿ. ಆ ಚಾರ್ಟು ಸುಳ್ಳು.’

ಹುಡುಗಿ ತಲೆಯೆತ್ತಿದಳು. ‘ಎಷ್ಟು ಸುಳ್ಳು ಸರ್?’

‘ಬಹುಪಾಲು.’

‘ಆದ್ರೆ ನೀವು ಎಣಿಸೋದು ಕೇಳ್ಸುತ್ತೆ ಅಂತ ಅಮ್ಮ ಹೇಳ್ತಿದ್ರು.’

‘ಎಣಿಸ್ತಿದ್ದೆ. ಕಾಲು ಆಡಿಸ್ತಿರಲಿಲ್ಲ.’ ಹೇಳಿ ಸಾಹೇಬರು ಕಣ್ಣು ಮುಚ್ಚಿದರು. ಇಷ್ಟೇ ಮಾತಿಗೆ ಮೈ ಬೆವರಿತ್ತು.

ಹೆಂಡತಿ ಒಳಗೆ ಬಂದು ಐಸಿನ ಚೀಲವನ್ನು ಮಂಡಿಯ ಪಕ್ಕ ಇಟ್ಟಳು. ‘ಗೊತ್ತು,’ ಎಂದಳು.

ಸಾಹೇಬರು ಕಣ್ಣು ಬಿಟ್ಟರು. ‘ಏನು ಗೊತ್ತು?’

‘ಈ ಹುಡುಗಿ ಬಂದಾಗ ಮಂಚ ಕಿರ್ರ್ ಅನ್ನುತ್ತೆ. ನೀವೊಬ್ರೇ ಇದ್ದಾಗ ನಿಮ್ಮ ಬಾಯಿ ಮಾತ್ರ ಅನ್ನುತ್ತೆ. ಮದುವೆ ಆದಾಗಿನಿಂದ ಇದೇ ಮಂಚ. ನನಗೆ ಗೊತ್ತಾಗಲ್ವಾ?’

‘ಗೊತ್ತಿದ್ದೂ ಸುಮ್ನಿದ್ದೆಯಾ?’

‘ಮತ್ತೇನು ಮಾಡ್ಲಿ? ಹಿಡಿಯೋಕೆ ನಾನೇನು ಇನ್ಸ್‌ಪೆಕ್ಟರಾ?’ ಎಂದಳು. ಐಸಿನ ಚೀಲವನ್ನು ಸರಿಮಾಡುತ್ತ, ‘ಅಷ್ಟು ಚೆನ್ನಾಗಿ ಎಣಿಸ್ತೀರಿ. ಎಣಿಸಿದ್ದು ದಂಡ ಆಗೋದು ಬೇಡ ಅಂತ ನಾನು ಮಾಡ್ಕೊಂಡೆ,’ ಎಂದಳು.

ಸಾಹೇಬರಿಗೆ ಅರ್ಥವಾಗಲಿಲ್ಲ. ಹುಡುಗಿಗೆ ಆಯಿತು, ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಬಾಗಿಲ ಹತ್ತಿರದ ಆ ಪಿಸುಮಾತು ಸಾಹೇಬರ ವಿಷಯವೇ ಆಗಿರಲಿಲ್ಲ. ‘ನನಗೂ ಮಂಡಿ ನೋವಿದೆ ಕಣಮ್ಮ, ಹಳೇದು’ ಎಂದು ಹೆಂಡತಿ ಹೇಳಿಕೊಂಡಿದ್ದಳಂತೆ. ಹುಡುಗಿ ನಿಂತಲ್ಲೇ ಎರಡು ವ್ಯಾಯಾಮ ತೋರಿಸಿಕೊಟ್ಟಿದ್ದಳಂತೆ: ಅಡುಗೆ ಕಟ್ಟೆಯ ಅಂಚು ಹಿಡಿದು ಹಿಮ್ಮಡಿಯನ್ನು ಹಿಂದಕ್ಕೆ ಮಡಿಸುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಎಷ್ಟು ಸಲ ಎಂದದ್ದಕ್ಕೆ ಹತ್ತು ಎಂದಿದ್ದಳು. ಹತ್ತನ್ನು ಎಣಿಸುವವರು ಒಳಗೆ ಮಲಗಿದ್ದರು.

‘ಎಲ್ಲಿ ಅಮ್ಮ, ತೋರ್ಸಿ,’ ಎಂದಳು ಹುಡುಗಿ. ಹೆಂಡತಿ ಸ್ಟೂಲಿನ ಮೇಲೆ ಕೂತು, ಕೈಗಳನ್ನು ಎದೆಗೆ ಕಟ್ಟಿಕೊಂಡು ಎದ್ದಳು. ಕೂತಳು. ಎದ್ದಳು. ತೊಡೆ ಹಿಡಿದುಕೊಳ್ಳಲಿಲ್ಲ, ಗೋಡೆಗೆ ಕೈ ಊರಲಿಲ್ಲ. ಅಡುಗೆಮನೆಯಿಂದ ಅಯ್ಯೋ ಎನ್ನುವ ಸದ್ದು ಕೇಳದೆ ಎಷ್ಟೋ ದಿನವಾಯಿತು ಎಂಬುದು ಸಾಹೇಬರಿಗೆ ಆಗ ಹೊಳೆಯಿತು. ಇಪ್ಪತ್ತೊಂದು ವರ್ಷ ಕೇಳಿಯೂ ಕಿವಿಗೆ ಹಾಕಿಕೊಳ್ಳದೆ ಇದ್ದ ಸದ್ದು, ನಿಂತದ್ದಾದರೂ ಯಾಕೆ ತಿಳಿಯಬೇಕು? ಹುಡುಗಿ ಆ ಮಂಡಿಗೂ ಪಟ್ಟಿ ಹಿಡಿದಳು.

‘ನೂರಿಪ್ಪತ್ತೆಂಟು,’ ಎಂದಳು. ‘ಸವೆದದ್ದು ವಾಪಸ್ ಬರಲ್ಲಮ್ಮ. ಸುತ್ತಲಿನ ಮಾಂಸಖಂಡ ಗಟ್ಟಿಯಾದ್ರೆ ಭಾರ ಅದು ಹೊರುತ್ತೆ, ನೋವು ಕಮ್ಮಿಯಾಗುತ್ತೆ. ನಿಲ್ಲಿಸ್ಬೇಡಿ.’ ಬರೆದ ಹಾಳೆಯನ್ನು ಹರಿದು ಮಡಚಿ ಜೇಬಿಗೆ ಹಾಕಿಕೊಂಡು ಸಾಹೇಬರ ಕಡೆ ತಿರುಗಿದಳು. ‘ನಾನು ಎಪ್ಪತ್ತಾರು ಅಂತ ಮಾತ್ರ ಬರೀತೀನಿ ಸರ್. ಯಾಕೆ ಅಂತ ನಾಳೆ ನೀವೇ ಹೇಳಿ. ಎರಡು ವಾರ ಕೊಡ್ತಾರೋ ಇಲ್ವೋ, ಅವರಿಷ್ಟ.’

ನಾಳೆ ಆ ನಾಲ್ಕು ಜನ ಕಿರಿಯ ಡಾಕ್ಟರುಗಳೂ ಇರುತ್ತಾರೆ ಎಂದು ಸಾಹೇಬರು ನೆನೆದರು. ಹೇಳುತ್ತೇನೆ ಎಂದರು. ಹುಡುಗಿ ಹೋಗುವ ಮುಂಚೆ ಕಾಲನ್ನು ಇಪ್ಪತ್ತು ನಿಮಿಷ ತಿಕ್ಕಿ, ಮಡಿಸಿ, ಹಿಂಡಿ ಹಿಪ್ಪೆ ಮಾಡಿ, ಮಧ್ಯಾಹ್ನ ಮತ್ತೆ ಹತ್ತು ಎಂದು ಹೇಳಿ ಹೋದಳು.

ಮಧ್ಯಾಹ್ನ ಹೆಂಡತಿ ಸ್ಟೂಲನ್ನು ಮಂಚದ ಪಕ್ಕಕ್ಕೆ ಎಳೆದುಕೊಂಡು ಕೂತಳು. ಚಾರ್ಟಿನ ಪಕ್ಕ ಹೊಸದೊಂದು ಖಾಲಿ ಹಾಳೆ ಅಂಟಿಸಿದ್ದಳು. ಹಳೆಯದನ್ನು ಕಿತ್ತಿರಲಿಲ್ಲ. ‘ಪೆನ್ನು ಇನ್ಮೇಲೆ ನನ್ನ ಹತ್ರ ಇರುತ್ತೆ,’ ಎಂದಳು. ಸಾಹೇಬರು ಟವೆಲ್ ಸುತ್ತಿಕೊಂಡರು. ಎಳೆಯಲಿಲ್ಲ. ‘ಆವತ್ತು,’ ಎಂದರು, ‘ಮೆಟ್ಟಿಲ ಹತ್ರ ನೀನು ಬಿದ್ದಾಗ…’

‘ಹೂಂ.’

‘ಅದು ನಾಟಕ ಅಲ್ಲ ಅಂತ ನನಗೆ ಗೊತ್ತಿತ್ತು.’

ಹೆಂಡತಿ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಬಸ್ಸೊಂದು ನಿಂತು ಹೊರಟಿತು. ‘ಎಳೀರಿ,’ ಎಂದಳು.

ಎಳೆದರು. ಹಿಮ್ಮಡಿ ಒಂದು ಗೇಣು ಜಾರಿ, ದಿನವೂ ನಿಲ್ಲುವ ಜಾಗದಲ್ಲಿ ನಿಂತಿತು. ‘ಒಂದು,’ ಎಂದರು ಸಾಹೇಬರು ಅಭ್ಯಾಸಬಲದಿಂದ.

‘ನೀವು ಎಣಿಸ್ಬೇಡಿ.’

ಅವರು ಹೆಂಡತಿಯ ಮುಖ ನೋಡಿದರು. ಅದರಲ್ಲಿ ಕೋಪವಿರಲಿಲ್ಲ, ಕರುಣೆಯೂ ಇರಲಿಲ್ಲ. ತಕ್ಕಡಿಯ ಮುಳ್ಳು ನಡುವಿಗೆ ಬರಲಿ ಎಂದು ಕಾಯುವವರ ಮುಖ. ಟವೆಲ್ಲನ್ನು ಮುಂಗೈಗೆ ಒಂದು ಸುತ್ತು ಸುತ್ತಿಕೊಂಡು ಮತ್ತೆ ಎಳೆದರು. ಕಾದ ತಂತಿ ಒಳಗೆ ಹೊಕ್ಕಿತು. ಅಮ್ಮಾ ಎಂದು ಬಾಯಿಂದ ಬಂತು, ಪೂರ್ತಿ ಎಚ್ಚರದಲ್ಲಿ, ಕೆಳಗಿನ ಮನೆಗೂ ಕೇಳುವ ಹಾಗೆ. ಬಿಡಲಿಲ್ಲ. ಹಿಮ್ಮಡಿ ಹಾಸಿಗೆಯ ಮೇಲೆ ಒಂದು ಬೆರಳು, ಇನ್ನೊಂದು ಬೆರಳು ಈ ಕಡೆಗೆ ಸರಿಯಿತು. ಮಂಚ ತಲೆಯಿಂದ ಕಾಲಿನ ತನಕ ಕಿರ್ರ್ ಎಂದಿತು.

‘ಒಂದು,’ ಎಂದಳು ಹೆಂಡತಿ.